ಲೇಹ್, ಸಂದಕ್‌ಫೂ, ಮನಾಲಿ: ಕರಾವಳಿಯ ಓಟಗಾರರಿಗೆ ಎತ್ತರದ ರಜೆ ಎಲ್ಲಿ ಒಗ್ಗುತ್ತದೆ

ವರ್ಷವಿಡೀ ಸಮುದ್ರಮಟ್ಟದಲ್ಲಿ ಓಡುವ ನಮ್ಮಂಥವರು ಹಿಮಾಲಯದ ಕಾಲುದಾರಿಗಳಲ್ಲಿ ಓಡುವ ರಜೆಯೊಂದನ್ನು ಯೋಜಿಸುವಾಗ ಮೂರು ಹೆಸರುಗಳು ಸಾಮಾನ್ಯವಾಗಿ ಮುಂದೆ ಬರುತ್ತವೆ: ಲಡಾಖಿನ ಲೇಹ್, ಪಶ್ಚಿಮ ಬಂಗಾಳ ಮತ್ತು ನೇಪಾಳದ ಗಡಿಯಲ್ಲಿರುವ ಸಂದಕ್‌ಫೂ, ಹಿಮಾಚಲದ ಮನಾಲಿ. ಕಾರವಾರ ಮತ್ತು ಶಿರಸಿಯ ಕೆಲವು ಗೆಳೆಯರೊಡನೆ ಈ ಮೂರೂ ಕಡೆ ಬೇರೆ ಬೇರೆ ವರ್ಷಗಳಲ್ಲಿ ಓಡಿ ಬಂದಿದ್ದೇನೆ. ಯಾರಾದರೂ ಕೇಳಿದರೆ ನಾನು ಹಿಂದೆಮುಂದೆ ನೋಡದೆ ಹೇಳುವುದು ಮನಾಲಿಯ ಹೆಸರನ್ನೇ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಮೊದಲ ಕೆಲವು ರಾತ್ರಿ ಮನಾಲಿಯಲ್ಲಿ ಮಲಗಿ, ಆಮೇಲೆ ಅಟಲ್ ಸುರಂಗ ದಾಟಿ ಲಾಹೌಲ್ ಕಣಿವೆಯ ಸಿಸ್ಸುವಿಗೆ ಹೋಗುವ ಕ್ರಮವನ್ನು. ನೋಡುವುದಕ್ಕೆ ಲಡಾಖ್ ಇವೆಲ್ಲಕ್ಕಿಂತ ಮಿಗಿಲು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಇಲ್ಲಿ ಮಾತು ಓಡುವ ರಜೆಯದು.

ಈ ಹೋಲಿಕೆಯಲ್ಲಿ ನಾನು ಹತ್ತುವ ಶಿಖರದ ಎತ್ತರಕ್ಕಿಂತ ರಾತ್ರಿ ಮಲಗುವ ಊರಿನ ಎತ್ತರಕ್ಕೇ ಹೆಚ್ಚು ಬೆಲೆ ಕೊಟ್ಟಿದ್ದೇನೆ. ಆಮ್ಲಜನಕದ ಪಾಲು ಕಾರವಾರದ ಗಾಳಿಯಲ್ಲಿ ಎಷ್ಟೋ ಲೇಹ್‌ನ ಗಾಳಿಯಲ್ಲೂ ಅಷ್ಟೇ, ಶೇ. 21ರ ಆಸುಪಾಸು, ಕಡಿಮೆಯಾಗುವುದು ಗಾಳಿಯ ಒತ್ತಡ. 2,050 ಮೀಟರ್ ಎತ್ತರದ ಮನಾಲಿಯಲ್ಲಿ ಒತ್ತಡ ಸಮುದ್ರಮಟ್ಟದ ಶೇ. 80ರ ಹತ್ತಿರವಿದ್ದರೆ, 3,500 ಮೀಟರ್ ಎತ್ತರದ ಲೇಹ್‌ನಲ್ಲಿ ಅದು ಶೇ. 65ಕ್ಕೆ ಇಳಿದಿರುತ್ತದೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಉಳಿಯಬೇಕು ಎಂದು ವೈದ್ಯರು ಹೇಳುವುದು ಇದಕ್ಕಾಗಿಯೇ. ದೇವಿಮನೆ ಘಟ್ಟವನ್ನು ನಿಲ್ಲದೆ ಓಡಿ ಹತ್ತುವವರಿಗೂ, ಗುಡ್ಡಳ್ಳಿಯ ಏರನ್ನು ವಾರವಾರ ಮುಗಿಸುವವರಿಗೂ ಇದರಲ್ಲಿ ರಿಯಾಯಿತಿ ಇಲ್ಲ. ಆ ಏರುಗಳು ತೊಡೆಯನ್ನು ಗಟ್ಟಿ ಮಾಡುತ್ತವೆ, ಇಳಿಜಾರಿನಲ್ಲಿ ಹೆಜ್ಜೆಯನ್ನು ಕಲಿಸುತ್ತವೆ. ಎತ್ತರದ ಗಾಳಿಗೆ ದೇಹವನ್ನು ಒಗ್ಗಿಸಲಾರವು. ಸುಮಾರು 600 ಮೀಟರ್ ಎತ್ತರದಲ್ಲಿರುವ ಶಿರಸಿಯವರಿಗೂ ಕಡಲ ಪಕ್ಕದ ನಮಗೂ ಈ ವಿಷಯದಲ್ಲಿ ವ್ಯತ್ಯಾಸವೇನೂ ಇಲ್ಲ.

ಲೇಹ್‌ನ ತೊಡಕು ಇಲ್ಲಿಂದಲೇ ಶುರುವಾಗುತ್ತದೆ. ಗೋವಾದಿಂದ ದೆಹಲಿಗೆ, ದೆಹಲಿಯಿಂದ ಲೇಹ್‌ಗೆ ವಿಮಾನ ಹಿಡಿದರೆ ಇಪ್ಪತ್ತನಾಲ್ಕು ಗಂಟೆಯೊಳಗೆ ಕಡಲ ದಂಡೆಯಿಂದ 3,500 ಮೀಟರಿಗೆ ಏರಿರುತ್ತೇವೆ. ಮೊದಲ ಎರಡು ದಿನ ಓಡುವ ಮಾತೇ ಇಲ್ಲ. ಮಹಡಿಯ ಮೆಟ್ಟಿಲು ಹತ್ತಿದರೂ ಏದುಸಿರು ಬರುತ್ತದೆ. ಇದನ್ನು ನಾವು ಮೊದಲೇ ಲೆಕ್ಕಕ್ಕೆ ಹಿಡಿದಿದ್ದೆವು. 2012ರಲ್ಲಿ ಆರಂಭವಾದ ಲಡಾಖ್ ಮ್ಯಾರಥಾನ್‌ನ ಆಯೋಜಕರು ಕೂಡ ಓಟಗಾರರು ಬಹಳ ಮುಂಚಿತವಾಗಿ ಬಂದು ಒಗ್ಗಿಕೊಂಡಿರಬೇಕೆಂದು ಸೂಚಿಸುತ್ತಾರೆ. ಆದ್ದರಿಂದ ನಾವು ಪ್ರವಾಸದ ಏರ್ಪಾಡು ಮಾಡಿದ ಏಜೆಂಟರಿಗೆ, ಹೆಚ್ಚು ರಾತ್ರಿಗಳನ್ನು ಲೇಹ್‌ನಲ್ಲೇ ಇಡಿ, ಪಾಂಗಾಂಗ್ ಸರೋವರಕ್ಕೆ ಹೋಗುವುದಿದ್ದರೆ ಕೊನೆಯಲ್ಲಿ ಹೋಗೋಣ ಎಂದು ಬರೆದು ತಿಳಿಸಿದ್ದೆವು.

ಅಲ್ಲಿಗೆ ತಲುಪಿದಾಗ ಕೈಗೆ ಬಂದ ಕಾರ್ಯಕ್ರಮ ಬೇರೆಯೇ ಆಗಿತ್ತು. ಮೂರನೆಯ ಬೆಳಿಗ್ಗೆ ಖಾರ್ದುಂಗ್ ಲಾ ಎಂಬ ಎತ್ತರದ ಕಣಿವೆಬಾಯಿ (ರಸ್ತೆ ಬೆಟ್ಟಸಾಲನ್ನು ದಾಟುವ ಜಾಗ) ದಾಟಿ ನುಬ್ರಾ ಕಣಿವೆ, ಮರುದಿನ ಅಲ್ಲಿಂದ ನೇರವಾಗಿ ಪಾಂಗಾಂಗ್ ದಂಡೆಯ ಡೇರೆ. ನುಬ್ರಾದ ದಿಸ್ಕಿತ್ ಇರುವುದು 3,150 ಮೀಟರಿನ ಆಸುಪಾಸಿನಲ್ಲಿ, ಲೇಹ್‌ಗಿಂತ ಕೆಳಗೆ. ಅಲ್ಲಿ ಮಲಗುವುದರಿಂದ ತೊಂದರೆ ಇಲ್ಲ. ಪಾಂಗಾಂಗ್ ಮಾತ್ರ 4,200 ಮೀಟರಿಗೂ ಮೇಲಿದೆ. ಅಂದರೆ ದಿನಕ್ಕೆ 500 ಮೀಟರ್ ಎಂಬ ಮಿತಿಯ ಎರಡರಷ್ಟನ್ನು ಒಂದೇ ಹಗಲಿನಲ್ಲಿ, ಕಾರಿನಲ್ಲಿ ಕುಳಿತೇ ಏರಿಬಿಡುವ ಯೋಜನೆ. ಫೋನ್ ಮಾಡಿ ಕೇಳಿದರೆ, ಕಾರು ಮತ್ತು ಡೇರೆ ಎರಡೂ ಕಾಯ್ದಿರಿಸಿ ಆಗಿದೆ, ಬದಲಾಯಿಸಿದರೆ ಹಣ ವಾಪಸು ಬರುವುದಿಲ್ಲ ಎಂಬ ಉತ್ತರ ಬಂತು. ಆ ಹಣ ನಮ್ಮ ಮಟ್ಟಿಗೆ ಸಣ್ಣದಾಗಿರಲಿಲ್ಲ.

ಆ ರಾತ್ರಿ ಡೇರೆಯಲ್ಲಿ ಶಿರಸಿಯ ಗೆಳೆಯನಿಗೆ ತಲೆನೋವು ಏರುತ್ತಲೇ ಹೋಯಿತು, ಉಂಡದ್ದೆಲ್ಲ ವಾಂತಿಯಾಯಿತು. ನಿದ್ದೆ ಹತ್ತಿದ ಮೇಲೆ ಅವನ ಉಸಿರು ನಾಲ್ಕಾರು ಬಾರಿ ಆಳವಾಗಿ ಬಂದು, ಪೂರಾ ನಿಂತು, ನಾನು ಅಲುಗಾಡಿಸಬೇಕೆಂದು ಕೈ ಚಾಚುವಷ್ಟರಲ್ಲಿ ಒಮ್ಮೆಲೇ ಎಳೆದುಕೊಳ್ಳುತ್ತಿತ್ತು. ಎತ್ತರದಲ್ಲಿ ನಿದ್ದೆಯ ಉಸಿರು ಹೀಗೆ ಬಿಟ್ಟುಬಿಟ್ಟು ಬರುವುದು ಸಾಮಾನ್ಯ, ಅದಷ್ಟೇ ಅಪಾಯದ ಲಕ್ಷಣವಲ್ಲ ಎಂದು ಓದಿ ತಿಳಿದಿದ್ದರೂ, ಪಕ್ಕದಲ್ಲಿ ಮಲಗಿ ಅದನ್ನು ಕೇಳುತ್ತಿರುವಾಗ ಆ ತಿಳಿವಳಿಕೆಯಿಂದ ಧೈರ್ಯವೇನೂ ಬರಲಿಲ್ಲ. ತಲೆನೋವಿನ ಜೊತೆ ವಾಂತಿಯೂ ಇದ್ದುದರಿಂದ ಇದು ಎತ್ತರದ ಕಾಯಿಲೆಯೇ ಎಂದುಕೊಂಡೆವು, ಕೆಳಗೆ ಇಳಿಯಲೇಬೇಕಿತ್ತು. ಪಾಂಗಾಂಗ್‌ನ ನಿಜವಾದ ಕಷ್ಟ ಆಗ ಎದುರಾಯಿತು: ಅಲ್ಲಿಂದ ಲೇಹ್‌ಗೆ ಮರಳುವ ಮುಖ್ಯ ದಾರಿ 5,300 ಮೀಟರಿಗೂ ಎತ್ತರದ ಚಾಂಗ್ ಲಾ ಕಣಿವೆಬಾಯಿಯನ್ನು ದಾಟಿ ಹೋಗುತ್ತದೆ. ಇಳಿಯಬೇಕಾದ ರೋಗಿ ಮೊದಲು ಸಾವಿರ ಮೀಟರಿಗೂ ಹೆಚ್ಚು ಹತ್ತಬೇಕು. ಪುಣ್ಯಕ್ಕೆ ನಮ್ಮ ಚಾಲಕರು ತಿಳಿದವರು. ಬೆಳಕು ಹರಿಯುತ್ತಲೇ ಬಂದ ದಾರಿಯಲ್ಲೇ ಶ್ಯೋಕ್ ನದಿಯ ಪಕ್ಕದಿಂದ ನುಬ್ರಾ ಕಡೆಗೆ ಇಳಿಸಿದರು. ಕೆಳಗೆ ಬರುತ್ತಿದ್ದಂತೆ ಗೆಳೆಯನ ಮುಖಕ್ಕೆ ಬಣ್ಣ ಬಂತು, ಮಧ್ಯಾಹ್ನ ಚಹಾ ಕೇಳಿದ.

ಅಂದಿನಿಂದ ನಾನು ಯಾವುದೇ ಎತ್ತರದ ಊರನ್ನು ಆರಿಸುವ ಮುನ್ನ ಮೊದಲು ನೋಡುವುದು, ರಾತ್ರಿ ಮೈ ಕೆಟ್ಟರೆ ಇಳಿಯುವ ದಾರಿ ಇಳಿಜಾರಿನದೇ ಆಗಿದೆಯೇ ಎಂದು. ಲೇಹ್‌ನ ರಜೆಯಲ್ಲಿ ನಮಗೆ ನಿಜವಾದ ಓಟ ಸಿಕ್ಕಿದ್ದು ಕೊನೆಯಲ್ಲಿ, ಶೇ ಮತ್ತು ಠಿಕ್ಸೆಯ ಕಡೆ ಸಿಂಧೂ ನದಿಯ ಬಯಲಿನಲ್ಲಿ, ಅದೂ ಸ್ವಲ್ಪವೇ. ಬೇರೆ ರಾಜ್ಯದ ಪ್ರೀಪೇಯ್ಡ್ ಸಿಮ್ ಲಡಾಖಿನಲ್ಲಿ ಕೆಲಸ ಮಾಡುವುದಿಲ್ಲವಾದ್ದರಿಂದ, ಒಬ್ಬರ ಬಳಿಯಾದರೂ ಪೋಸ್ಟ್‌ಪೇಯ್ಡ್ ಇರಲೇಬೇಕು.

ಒಣಗಾಳಿಯ ಬಗ್ಗೆಯೂ ಕರಾವಳಿಯವರಿಗೆ ಒಂದು ಮಾತು ಹೇಳಬೇಕು. ಕಾರವಾರದಲ್ಲಿ ಒಂದು ತಾಸು ಓಡಿದರೆ ಅಂಗಿಯನ್ನು ಹಿಂಡಬಹುದು, ಎಷ್ಟು ಬೆವರು ಹೋಯಿತೆಂದು ಮೈಗೇ ಗೊತ್ತಾಗುತ್ತದೆ. ಲಡಾಖ್ ಮತ್ತು ಲಾಹೌಲಿನಲ್ಲಿ ಅಂಗಿ ಒಣಗಿಯೇ ಇರುತ್ತದೆ, ಟೋಪಿಯ ಅಂಚಿನಲ್ಲಿ ಬಿಳಿಯ ಉಪ್ಪಿನ ಗೆರೆ ಕಂಡಾಗಲೇ ಬೆವರಿದ್ದು ತಿಳಿಯುವುದು. ಬಾಯಾರಿಕೆಗೆ ಕಾಯದೆ ಆಗಾಗ ನೀರು ಕುಡಿಯುವ ಅಭ್ಯಾಸ ಮಾಡಿಕೊಳ್ಳಬೇಕು.

ಸಂದಕ್‌ಫೂ ಸ್ವಭಾವದಲ್ಲಿ ಬೇರೆ. 3,636 ಮೀಟರಿನ ಈ ನೆತ್ತಿ ಪಶ್ಚಿಮ ಬಂಗಾಳದಲ್ಲೇ ಅತ್ಯಂತ ಎತ್ತರದ್ದು. ಸುಮಾರು 2,000 ಮೀಟರಿನ ಮಾನೇಭಂಜಾಂಗ್‌ನಿಂದ ಹೊರಟು ತುಮ್ಲಿಂಗ್ ಮತ್ತು ಕಾಲಿಪೋಖ್ರಿಗಳಲ್ಲಿ ತಂಗುತ್ತ ಏರಬಹುದಾದ್ದರಿಂದ ದೇಹಕ್ಕೆ ಸಮಯ ಸಿಗುತ್ತದೆ. ನೆತ್ತಿಯ ಮೇಲೆ ಆಕಾಶ ತಿಳಿಯಾಗಿದ್ದರೆ ಕಾಂಚನಜುಂಗಾದ ಇಡೀ ಸಾಲು ಒಂದು ಕಡೆ, ದೂರದಲ್ಲಿ ಎವರೆಸ್ಟ್, ಲೋತ್ಸೆ ಮತ್ತು ಮಕಾಲು ಇನ್ನೊಂದು ಕಡೆ ಕಾಣುತ್ತವೆ. ಎತ್ತರಕ್ಕೆ ಒಗ್ಗುವ ವಿಷಯದಲ್ಲಿ ಇದು ಲೇಹ್‌ಗಿಂತ ಎಷ್ಟೋ ಮೇಲು. ಆದರೂ ಓಟಗಾರನಾಗಿ ನನಗೆ ಎರಡು ಕೊರತೆಗಳು ಕಂಡವು. ದಾರಿಯ ಬಹುಭಾಗ ಜೀಪು ಹೋಗುವ ರಸ್ತೆ, ಕೆಲವು ಕಡೆ ಕಲ್ಲು ಜೋಡಿಸಿದ್ದು, ಕೆಲವು ಕಡೆ ಕಾಂಕ್ರೀಟ್. ಇಳಿಯುವಾಗ ಮಂಡಿಗೆ ಅದು ಹಿತವಲ್ಲ. ಈ ದಾರಿ ಹಾದುಹೋಗುವ ಸಿಂಗಲೀಲಾ ರಾಷ್ಟ್ರೀಯ ಉದ್ಯಾನಕ್ಕೆ ಗೈಡ್ ಕಡ್ಡಾಯ. ನಮ್ಮ ಜೊತೆ ಬಂದವರು ಸಜ್ಜನರು, ಆದರೆ ಚಾರಣಿಗರ ನಡಿಗೆಗೆ ಹೊಂದಿಕೊಂಡವರು, ಹೀಗಾಗಿ ಪ್ರತಿ ತಿರುವಿನಲ್ಲಿ ನಿಂತು ಅವರಿಗಾಗಿ ಕಾಯಬೇಕಾಯಿತು. ಬೆವರಿದ ಮೈ ಮಂಜಿನ ಗಾಳಿಯಲ್ಲಿ ತಣ್ಣಗಾಗುವುದು ಆರೋಗ್ಯಕ್ಕೆ ಒಳ್ಳೆಯದಲ್ಲ. ಕಾರವಾರದಿಂದ ಅಲ್ಲಿಗೆ ತಲುಪುವುದೂ ಸುಲಭವಲ್ಲ: ಹುಬ್ಬಳ್ಳಿಯಿಂದ ಕೋಲ್ಕತ್ತಾ ಕಡೆಯ ರೈಲು, ಅಲ್ಲಿಂದ ನ್ಯೂ ಜಲಪಾಯಿಗುಡಿಗೆ ಇನ್ನೊಂದು ರೈಲು, ಮತ್ತೆ ಘಟ್ಟದ ಜೀಪು. ರಜೆಯ ಒಳ್ಳೆಯ ಭಾಗವೆಲ್ಲ ಪ್ರಯಾಣದಲ್ಲೇ ಕಳೆಯುತ್ತದೆ.

ಇನ್ನು ಮನಾಲಿ. ಕಾರವಾರದಲ್ಲಿ ಮಂಗಳಾ ಎಕ್ಸ್‌ಪ್ರೆಸ್ ಹತ್ತಿದರೆ ಇಳಿಯುವುದು ದೆಹಲಿಯ ನಿಜಾಮುದ್ದೀನಿನಲ್ಲಿ. ಅಲ್ಲಿಂದ ರಾತ್ರಿ ಬಸ್ಸು ಹಿಡಿದರೆ ಬೆಳಿಗ್ಗೆ ಮನಾಲಿ. ವಿಮಾನಕ್ಕಿಂತ ನಿಧಾನ, ಆದರೆ ಖರ್ಚು ಬಹಳ ಕಡಿಮೆ. 2,050 ಮೀಟರಿನಲ್ಲಿ ಉಸಿರು ತುಸು ಬಿಗಿಯಾದರೂ ಮರುದಿನದಿಂದಲೇ ನಿಧಾನವಾಗಿ ಓಡಬಹುದು. ಹಳೆ ಮನಾಲಿಯಿಂದ ಬಿಯಾಸ್ ನದಿಯ ಎಡಬಲದ ಹಳ್ಳಿಗಳ ನಡುವೆ ಸೇಬಿನ ತೋಟಗಳ ಬೇಲಿಯ ಪಕ್ಕದ ಕಾಲುದಾರಿಗಳು, ವಶಿಷ್ಠದಿಂದ ಜೋಗಿನಿ ಜಲಪಾತದ ಕಡೆಯ ದಾರಿ, ಮೈ ಕುದುರಿದ ಮೇಲೆ ಹಿಡಿಂಬಾ ದೇವಸ್ಥಾನದ ಮೇಲಿನ ದೇವದಾರು ಕಾಡಿನೊಳಗಿಂದ ಸುಮಾರು 3,000 ಮೀಟರಿನ ಲಾಮಾ ಡುಗ್ ಹುಲ್ಲುಗಾವಲಿಗೆ ಏರಿ, ರಾತ್ರಿ ಮತ್ತೆ ಕೆಳಗೆ ಬಂದು ಮಲಗುವುದು: ಎತ್ತರದಲ್ಲಿ ಓಡಿ ತಗ್ಗಿನಲ್ಲಿ ಮಲಗುವ ಈ ಸೌಕರ್ಯ ಲೇಹ್‌ನಲ್ಲಿ ಇಲ್ಲ. ದೇವದಾರಿನ ಎಲೆ ಉದುರಿದ ನೆಲ ಮೆತ್ತಗೆ ಪುಟಿಯುತ್ತದೆ. ನಮ್ಮ ಮಳೆಗಾಲದ ಹಾವಸೆ ಹಿಡಿದ ಜಂಬಿಟ್ಟಿಗೆ ಕಲ್ಲಿನ ಮೇಲೆ ಉಸಿರು ಬಿಗಿಹಿಡಿದು ಓಡಿದವರಿಗೆ ಅದರ ಬೆಲೆ ತಿಳಿಯುತ್ತದೆ.

ಕೆಲವು ರಾತ್ರಿ ಕಳೆದ ಮೇಲೆ ಕೇಲಾಂಗ್ ಬಸ್ಸು ಹತ್ತಿ, 2020ರಲ್ಲಿ ತೆರೆದ ಒಂಬತ್ತು ಕಿಲೋಮೀಟರಿನ ಅಟಲ್ ಸುರಂಗದಿಂದ ಆಚೆ ಹೊರಬಂದರೆ, ಹಸಿರೆಲ್ಲ ಮುಗಿದು ಬೋಳುಬೆಟ್ಟದ ಇನ್ನೊಂದೇ ಲೋಕ. ಸಿಸ್ಸು ಸುಮಾರು 3,100 ಮೀಟರಿನಲ್ಲಿದೆ. ಲಡಾಖಿನ ಒಣ ಸೌಂದರ್ಯದ ಒಂದು ಪಾಲು ಇಲ್ಲಿಯೂ ಇದೆ, ಚಂದ್ರಾ ನದಿಯ ಪಕ್ಕದಲ್ಲಿ ಓಡುವುದಕ್ಕೆ ಜಾಗವೂ ಇದೆ. ತಲೆ ಸಿಡಿಯತೊಡಗಿದರೆ ಬಸ್ಸೋ ಜೀಪೋ ಹಿಡಿದು, ಯಾವ ಕಣಿವೆಬಾಯಿಯನ್ನೂ ಹತ್ತದೆ, ಸುರಂಗದ ಮೂಲಕ ಒಂದೆರಡು ತಾಸಿನಲ್ಲಿ ಮನಾಲಿಗೆ ಇಳಿಯಬಹುದು. ಇದೊಂದೇ ಕಾರಣ ಸಾಕು, ನಾನು ಇದನ್ನು ಮೊದಲಿಗಿಡುವುದಕ್ಕೆ.

ಮನಾಲಿಯ ಕಡೆ ಎಚ್ಚರ ವಹಿಸಬೇಕಾದದ್ದು ಕುರಿಮಂದೆಯ ನಾಯಿಗಳ ಬಗ್ಗೆ. ಬೇಸಿಗೆಯಲ್ಲಿ ಗದ್ದಿ ಕುರಿಗಾಹಿಗಳು ಮಂದೆಯನ್ನು ಮೇಲಿನ ಹುಲ್ಲುಗಾವಲುಗಳಿಗೆ ಹೊಡೆದುಕೊಂಡು ಬರುತ್ತಾರೆ. ಚಿರತೆ ಕುತ್ತಿಗೆಗೆ ಬಾಯಿ ಹಾಕದಂತೆ ಮುಳ್ಳಿನ ಕಬ್ಬಿಣದ ಪಟ್ಟಿ ಕಟ್ಟಿದ ಅವರ ನಾಯಿಗಳಿಗೆ ಓಡಿ ಬರುವ ಮನುಷ್ಯನೆಂದರೆ ಶತ್ರುವೇ. ಮಂದೆ ದೂರದಲ್ಲಿ ಕಂಡಾಗಲೇ ಓಟ ನಿಲ್ಲಿಸಿ, ಕುರಿಗಾಹಿಯನ್ನು ಕೂಗಿ ಕರೆದು, ಅವರು ನಾಯಿಯನ್ನು ಹಿಡಿದ ಮೇಲೆ ಮಂದೆಯನ್ನು ಬಳಸಿಕೊಂಡು ನಡೆದೇ ದಾಟಬೇಕು. ಹೀಗೆ ಮಾಡಿದಾಗ ನಮಗೆ ಒಮ್ಮೆಯೂ ತೊಂದರೆಯಾಗಲಿಲ್ಲ.

ಓಟದ ನಡುವೆ ತಿನ್ನುವುದಕ್ಕೆ ನಾನು ದುಬಾರಿ ಜೆಲ್ ಬಿಟ್ಟು ಯಲ್ಲಾಪುರ ಕಡೆಯ, ಬಾಳೆಹಣ್ಣು ಒಣಗಿಸಿ ಮಾಡಿದ ಸುಕೇಳಿಯನ್ನೇ ಒಯ್ಯುತ್ತೇನೆ. ಚಳಿಗೆ ಸ್ವಲ್ಪ ಗಟ್ಟಿಯಾದರೂ ಬಾಯಲ್ಲಿಟ್ಟರೆ ಮೆತ್ತಗಾಗುತ್ತದೆ, ಹಸಿವಿಲ್ಲದ ಎತ್ತರದಲ್ಲೂ ಅದರ ಸಿಹಿ ಒಳಗೆ ಹೋಗುತ್ತದೆ. ಒಣಗಿಸಿದ ಮುರುಗಲ ಸಿಪ್ಪೆಯನ್ನು ನೆನೆಸಿ, ಉಪ್ಪು ಮತ್ತು ಬೆಲ್ಲ ಹಾಕಿದ ನೀರು ಇನ್ನೊಂದು. ಎತ್ತರದ ಕಾಯಿಲೆ ತಡೆಯಲು ಬಳಸುವ ಡಯಾಮಾಕ್ಸ್ ಮಾತ್ರೆಯ ವಿಷಯವನ್ನು ಹೊರಡುವ ಮೊದಲೇ ಊರಿನ ವೈದ್ಯರೊಡನೆ ಮಾತನಾಡಿ ತೀರ್ಮಾನಿಸುವುದು ಒಳಿತು, ಸಲ್ಫಾ ಔಷಧಿಗಳ ಅಲರ್ಜಿ ಇರುವವರಂತೂ ಹೇಳಲೇಬೇಕು.

ತಿಂಗಳನ್ನು ಆರಿಸುವಾಗ ಜುಲೈ ಮತ್ತು ಆಗಸ್ಟ್ ಬಿಟ್ಟುಬಿಡಿ. 2023ರ ಜುಲೈಯಲ್ಲಿ ಬಿಯಾಸ್ ಉಕ್ಕಿ ಕುಲು ಮನಾಲಿಯ ರಸ್ತೆಗಳನ್ನೇ ಕೊಚ್ಚಿಕೊಂಡು ಹೋಗಿತ್ತು. ಆ ಎರಡು ತಿಂಗಳಲ್ಲೇ ರಜೆ ಸಿಗುವವರಿಗೆ, ಕೈಯಲ್ಲಿ ಧಾರಾಳ ದಿನಗಳೂ ಹಣವೂ ಇದ್ದು, ಲೇಹ್‌ನಲ್ಲೇ ನೆಲೆ ನಿಲ್ಲುವವರಿಗೆ, ಮಳೆನೆರಳಿನ ಲಡಾಖ್ ಸರಿಯಾದ ಆಯ್ಕೆ. ಓಟಕ್ಕಿಂತ ನಡಿಗೆಯನ್ನೂ ಶಿಖರಗಳ ನೋಟವನ್ನೂ ಬಯಸುವವರಿಗೆ ಅಕ್ಟೋಬರ್ ಕೊನೆಯ ಸಂದಕ್‌ಫೂ. ನನ್ನಂತೆ ಅಳೆದು ಕೊಟ್ಟ ರಜೆಯಲ್ಲಿ, ಸ್ಲೀಪರ್ ದರ್ಜೆಯ ಖರ್ಚಿನಲ್ಲಿ, ದಿನಾಲೂ ಬೆಳಿಗ್ಗೆ ಬೂಟು ಕಟ್ಟಿ ಓಡಲೇಬೇಕೆನ್ನುವವರು ಸೆಪ್ಟೆಂಬರ್ ಕೊನೆಯ ವಾರದಿಂದ ಅಕ್ಟೋಬರ್ ಮಧ್ಯದವರೆಗಿನ ಮನಾಲಿಯನ್ನು ಹಿಡಿಯಲಿ. ರೈಲಿನ ಮುಂಗಡ ಕಾಯ್ದಿರಿಸುವಿಕೆ ಈಗ 60 ದಿನ ಮೊದಲಷ್ಟೇ ತೆರೆಯುತ್ತದೆ, ಕೊಂಕಣ ರೈಲ್ವೆಯಲ್ಲಿ ಆ ವಾರಗಳಲ್ಲಿ ಇನ್ನೂ ರೈಲುಗಳು ನಿಧಾನವಾಗಿ ಓಡುವ ಮಳೆಗಾಲದ ವೇಳಾಪಟ್ಟಿಯೇ ನಡೆಯುತ್ತಿರುತ್ತದೆ. ಆದ್ದರಿಂದ ದೆಹಲಿಯಲ್ಲಿ ರಾತ್ರಿ ಬಸ್ಸಿಗೆ ಮುನ್ನ ಕೆಲವು ತಾಸುಗಳ ಬಿಡುವು ಇಟ್ಟುಕೊಂಡೇ ಟಿಕೆಟ್ ಮಾಡಿಸಬೇಕು.