‘ಒರಿಜಿನಲ್ ವಿಂಡೋಸ್’ ಅಂತ 1,800 ರೂಪಾಯಿ ತೆಗೆದುಕೊಂಡು ನನಗೆ ಕೊಟ್ಟದ್ದು ಕ್ರ್ಯಾಕ್!

ಲ್ಯಾಪ್‌ಟಾಪ್ ರಿಪೇರಿಗೆ ಕೊಡುವ ಮೊದಲು ಇದನ್ನು ಓದಿ. ಕ್ರ್ಯಾಕ್ ಅಂದರೆ ಲೈಸೆನ್ಸ್ ಇಲ್ಲದೆಯೂ ಇದೆ ಅಂತ ವಿಂಡೋಸನ್ನು ನಂಬಿಸುವ ಕಳ್ಳದಾರಿ. ಹೇಳಲು ನಾಚಿಕೆ ಆಗುತ್ತದೆ, ಆದರೂ ಹೇಳುತ್ತೇನೆ.

ಮಂಗಳೂರಿನ ಹಂಪನಕಟ್ಟೆಯ ಒಂದು ಅಂಗಡಿಯಲ್ಲಿ ಎಸ್‌ಎಸ್‌ಡಿ (ಹಳೆ ಹಾರ್ಡ್ ಡಿಸ್ಕ್ ಬದಲಿಗೆ ಹಾಕುವ ವೇಗದ ಡಿಸ್ಕ್) ಹಾಕಿಸಿದೆ. ವಿಂಡೋಸ್ ಹೊಸದಾಗಿ ಹಾಕಬೇಕು, ಒರಿಜಿನಲ್ಲೇ ಹಾಕ್ತೇವೆ ಅಂತ 1,800 ರೂಪಾಯಿ ಬೇರೆ ತೆಗೆದುಕೊಂಡರು. ಬಿಲ್ಲಿನಲ್ಲಿ ಬರೀ ‘ಸಾಫ್ಟ್‌ವೇರ್ ಚಾರ್ಜ್’. ಕೊಡುವಾಗ ಹುಡುಗ ಹೇಳಿದ, "ಅಕ್ಕ, ಡಿಫೆಂಡರ್ ಆನ್ ಮಾಡ್ಬೇಡಿ, ಸ್ಲೋ ಆಗ್ತದೆ." ಆಯ್ತು ಅಂದೆ. ವೈರಸ್ ತಡೆಯುವುದನ್ನೇ ಆಫ್ ಮಾಡಿ ಯಾಕೆ ಕೊಡ್ತೀರಿ ಅಂತ ಅಲ್ಲೇ ಕೇಳಬೇಕಿತ್ತು. ಅಲ್ಲೇ!

ಮೂರು ವಾರದಲ್ಲಿ ನನ್ನ ಮೇಲ್ ಯಾರದೋ ಕೈಗೆ ಹೋಯಿತು. ಓಟಿಪಿ ಕೂಡ ಬರಲಿಲ್ಲ. ಬ್ರೌಸರಿನ ಕುಕೀ (ನಾವು ಆಗಲೇ ಲಾಗಿನ್ ಆಗಿದ್ದೇವೆ ಅಂತ ತೋರಿಸುವ ಗುರುತು) ಕದ್ದರೆ ಪಾಸ್‌ವರ್ಡೂ ಬೇಡ, ಓಟಿಪಿಯೂ ಬೇಡ ಅಂತ ಅಣ್ಣನ ಮಗ ಹೇಳಿದ. ಅವನು ತೆಗೆದು ನೋಡಿದರೆ ವಿಂಡೋಸ್ ಇರುವ ಇಡೀ ಸಿ ಡ್ರೈವನ್ನೇ ಡಿಫೆಂಡರ್ ಸ್ಕ್ಯಾನ್ ಮಾಡದ ಹಾಗೆ ಸೆಟ್ ಮಾಡಿಟ್ಟಿದ್ದಾರೆ. ಆಕ್ಟಿವೇಶನ್ (ಲೈಸೆನ್ಸ್ ಇದೆ ಅಂತ ವಿಂಡೋಸ್ ಒಪ್ಪುವುದು) ಮಾಡಿದ್ದು ಕೆಎಂಎಸ್ ಕ್ರ್ಯಾಕ್‌ನಿಂದ. ಕೆಎಂಎಸ್ ಅಂದರೆ ದೊಡ್ಡ ಆಫೀಸುಗಳಿಗೆ ಇರುವ ಆಕ್ಟಿವೇಶನ್ ವ್ಯವಸ್ಥೆ, ಒಮ್ಮೆ ಮಾಡಿದರೆ 180 ದಿನ ನಡೆಯುತ್ತದೆ. ಕುಕೀ ಕದ್ದ ಪ್ರೋಗ್ರಾಂ ಆ ಕ್ರ್ಯಾಕ್ ಒಳಗೇ ಬಂತೋ ಆಮೇಲೆ ಬಂತೋ, ತಡೆಯಲು ಯಾರೂ ಇರಲಿಲ್ಲ.

ಹೊಟ್ಟೆ ಉರಿದದ್ದು ಇದಕ್ಕೆ. ನನ್ನ ಲ್ಯಾಪ್‌ಟಾಪ್ ಬರುವಾಗಲೇ ವಿಂಡೋಸ್ ಹೋಮ್ ಲೈಸೆನ್ಸ್ ಇತ್ತು, ಅದರ ಕೀ ಲ್ಯಾಪ್‌ಟಾಪಿನ ಬೋರ್ಡಿನಲ್ಲಿರುವ ಬಯೋಸ್‌ನಲ್ಲೇ ಇತ್ತು. ಅದೇ ಹೋಮ್ ಹಾಕಿದ್ದರೆ ನೆಟ್ ಸಿಕ್ಕಿದ ಕೂಡಲೇ ತಾನಾಗಿ ಆಕ್ಟಿವೇಟ್ ಆಗುತ್ತಿತ್ತು. ಒಂದು ರೂಪಾಯಿ ಖರ್ಚಿಲ್ಲ! ಇವರು ನನ್ನ ಲೈಸೆನ್ಸಿಗೆ ಸೇರದ ಪ್ರೋ ಆವೃತ್ತಿ ಹಾಕಿ, ಕ್ರ್ಯಾಕ್ ಮಾಡಿ, ದುಡ್ಡು ತೆಗೆದುಕೊಂಡರು.

ಕೇಳಲು ಹೋದರೆ ಓನರ್, "ಎಂತ ಮೇಡಂ, ಎಲ್ಲ ಕಡೆ ಹೀಗೇ ಹಾಕುವುದು. ನೀವು ಎಲ್ಲೆಲ್ಲಿ ಕ್ಲಿಕ್ ಮಾಡಿದ್ದೀರೋ." ಮತ್ತೆ ಜೋರು ಮಾಡಿದಾಗ, "ಕಂಪನಿಯವರು ಲಾಕ್ ಹಾಕಿ ಲೂಟಿ ಮಾಡ್ತಾರೆ, ನಾವು ಬಿಡಿಸಿ ಕೊಡ್ತೇವೆ ಅಷ್ಟೆ." ಕಂಪನಿಗಳು ಸಾಚಾ ಅಂತ ನಾನೂ ಹೇಳುವುದಿಲ್ಲ. 2005ರಲ್ಲಿ ಸೋನಿ ಬಿಎಂಜಿಯವರ ಹಾಡಿನ ಸಿಡಿಯಲ್ಲಿ ನಕಲು ತಡೆಯಲು ಇದ್ದ ಸಾಫ್ಟ್‌ವೇರ್ ವಿಂಡೋಸ್ ಒಳಗೆ ಅಡಗಿ ಕೂತು, ವೈರಸ್‌ಗಳಿಗೂ ಅಡಗಲು ಜಾಗ ಮಾಡಿಕೊಟ್ಟಿತ್ತು. ಅದು ತಪ್ಪೇ. ಕೇಳದೆ ನನ್ನ ಕಂಪ್ಯೂಟರಿನ ಬಾಗಿಲು ತೆಗೆದಿಟ್ಟರೆ ಕಂಪನಿ ಮಾಡಿದರೂ ತಪ್ಪು, ಅಂಗಡಿ ಮಾಡಿದರೂ ತಪ್ಪು ಅಲ್ವಾ? ಅದೂ ನನ್ನದರಲ್ಲಿ ಬಿಡಿಸಲು ಲಾಕೇ ಇರಲಿಲ್ಲ ಮಾರಾಯ್ರೆ!

ಅಂಗಡಿಯಲ್ಲೇ, ದುಡ್ಡು ಕೊಡುವ ಮೊದಲು, ವಿಂಡೋಸ್ ಕೀ ಮತ್ತು ಆರ್ ಒಟ್ಟಿಗೆ ಒತ್ತಿದರೆ ಬರುವ ರನ್ ಬಾಕ್ಸ್‌ನಲ್ಲಿ ಎಸ್ ಎಲ್ ಎಂ ಜಿ ಆರ್, ಒಂದು ಸ್ಪೇಸ್, ಸ್ಲ್ಯಾಶ್, ಎಕ್ಸ್ ಪಿ ಆರ್ ಅಂತ ಟೈಪ್ ಮಾಡಿ. ಆಕ್ಟಿವೇಶನ್ ಮುಗಿಯುವ ತಾರೀಕು ತೋರಿಸಿದರೆ (ನನ್ನಂಥ ಲೈಸೆನ್ಸಿಗೆ ತಾರೀಕು ಇರುವುದಿಲ್ಲ) ಅಲ್ಲೇ ವಾಪಸ್ ಕೊಡಿ. ಡಿಫೆಂಡರ್ ಆಫ್ ಇಡಿ ಅಂದರೂ ಅಷ್ಟೇ.

ನನ್ನ 1,800 ಇನ್ನೂ ಬಂದಿಲ್ಲ. "ತನ್ನಿ ಮೇಡಂ, ಇನ್ನೊಮ್ಮೆ ಫ್ರೀ ಹಾಕಿ ಕೊಡ್ತೇವೆ" ಅಂತಾರೆ.