ಹಳೆಯ ಕಾರಿನ ವೀಲ್ ಬೇರಿಂಗ್ ಪರೀಕ್ಷೆ: ಬಳ್ಳಾರಿ ಸಿರುಗುಪ್ಪ ರಸ್ತೆಯ ಒಂದು ಗ್ಯಾರೇಜಿನ ಕೆಲಸ

ಚಕ್ರದಿಂದ ಗುಂಯ್ ಎಂಬ ಸದ್ದು ಬಂದಾಗ ಅದು ಬೇರಿಂಗಿನದೋ ಟೈರಿನದೋ ಎಂಬುದನ್ನು ಒಂದು ನಟ್ಟನ್ನೂ ಬಿಚ್ಚುವ ಮೊದಲೇ ನಿರ್ಧರಿಸಬಲ್ಲ ಮೇಸ್ತ್ರಿ ಸಿಕ್ಕರೆ ಹಳೆಯ ಕಾರಿನವರಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ಸಿರುಗುಪ್ಪ ರಸ್ತೆಯ ಬದಿಯಲ್ಲಿ, ಎರಡು ಕಾರು ನಿಲ್ಲುವಷ್ಟೇ ಜಾಗವಿರುವ ಗ್ಯಾರೇಜಿನಲ್ಲಿ ನನಗೆ ಅಂಥವರು ಸಿಕ್ಕರು.

ನಮ್ಮದು 2008ರ ವ್ಯಾಗನ್ ಆರ್. ತೋರಣಗಲ್ಲಿನ ಕಡೆಗೆ ಅದಿರು ಲಾರಿಗಳ ಹಿಂದೆ, ಕೆಂಪು ಧೂಳಿನಲ್ಲೇ ಹೆಚ್ಚು ಓಡಿದ ಗಾಡಿ. ವೇಗ 40 ಕಿಲೋಮೀಟರ್ ದಾಟಿದ ಕೂಡಲೇ ಮುಂಭಾಗದಲ್ಲಿ ಸದ್ದು ಏಳುತ್ತಿತ್ತು. 80ರ ಹೊತ್ತಿಗೆ ಒಳಗೆ ಮಾತನಾಡುವುದೇ ಕಷ್ಟವಾಗುತ್ತಿತ್ತು. ಮೊದಲು ತೋರಿಸಿದ ಅಂಗಡಿಯವರು ಕಾರನ್ನು ಓಡಿಸಿ ನೋಡದೆಯೇ ನಾಲ್ಕೂ ಟೈರ್ ಬದಲಿಸಲು ಹೇಳಿದ್ದರು.

ಈ ಗ್ಯಾರೇಜಿನವರು ಮೊದಲು ಕೇಳಿದ್ದು ಕಾರಿನ ಕೀ. ಊರ ಹೊರಗೆ ಖಾಲಿ ರಸ್ತೆಯಲ್ಲಿ ವೇಗ ಹಿಡಿದು ಗೇರನ್ನು ನ್ಯೂಟ್ರಲ್‌ಗೆ ತಂದರು. ಎಂಜಿನ್ ತಗ್ಗಿದರೂ ಸದ್ದು ತಗ್ಗಲಿಲ್ಲವಾದ್ದರಿಂದ ಅದು ಎಂಜಿನ್ನಿನದಲ್ಲ, ಉರುಳುವ ಚಕ್ರದ್ದು ಎಂಬುದು ತಿಳಿಯಿತು. ನುಣುಪಾದ ಡಾಂಬರಿನಿಂದ ಒರಟು ರಸ್ತೆಗೆ ಇಳಿದಾಗ ಟೈರಿನ ಸದ್ದಾಗಿದ್ದರೆ ಅದರ ಧ್ವನಿಯೇ ಬದಲಾಗಬೇಕಿತ್ತು. ಇದು ಹಾಗೆಯೇ ಉಳಿಯಿತು. ಆಮೇಲೆ ಸ್ಟಿಯರಿಂಗನ್ನು ನಿಧಾನವಾಗಿ ಬಲಕ್ಕೆ ತಿರುಗಿಸಿದಾಗ ಸದ್ದು ಏರಿತು, ಎಡಕ್ಕೆ ತಿರುಗಿಸಿದಾಗ ಬಹುತೇಕ ಅಡಗಿತು. ಬಲಕ್ಕೆ ಹೊರಳುವಾಗ ಗಾಡಿಯ ಭಾರ ಎಡ ಚಕ್ರದ ಮೇಲೆ ಬೀಳುತ್ತದೆ. ಆದ್ದರಿಂದ ಅನುಮಾನ ಎಡಗಡೆಯ ಬೇರಿಂಗಿನ ಮೇಲೆ ನಿಂತಿತು.

ಅಷ್ಟಕ್ಕೇ ಅವರು ತೃಪ್ತರಾಗಲಿಲ್ಲ. ಜಾಕ್ ಹಾಕಿ, ಕೆಳಗೆ ಸ್ಟ್ಯಾಂಡ್ ಕೊಟ್ಟು, ಚಕ್ರವನ್ನು ಮೇಲೆ ಮತ್ತು ಕೆಳಗೆ ಹಿಡಿದು ಅಲುಗಾಡಿಸಿದಾಗ ಸ್ವಲ್ಪ ಆಟ, ಅಂದರೆ ಸಡಿಲತೆಯ ಅಲುಗಾಟ, ಕಂಡಿತು. ಹುಡುಗನೊಬ್ಬನಿಂದ ಬ್ರೇಕ್ ಒತ್ತಿಸಿ ಮತ್ತೆ ಅಲುಗಾಡಿಸಿದರು; ಆಟ ಮಾಯವಾಯಿತು. ಬ್ರೇಕ್ ಹಿಡಿದಾಗ ಹಬ್ಬು (ಚಕ್ರ ಕೂರುವ ನಡುಭಾಗ) ನಕ್ಕಲ್‌ಗೆ (ಬೇರಿಂಗನ್ನು ಹಿಡಿದಿಡುವ ಲೋಹದ ಭಾಗ) ಬಿಗಿಯಾಗುತ್ತದೆ, ಆದ್ದರಿಂದ ಬೇರಿಂಗಿನ ಆಟ ನಿಲ್ಲುತ್ತದೆ. ನಕ್ಕಲ್ಲನ್ನು ಸಸ್ಪೆನ್ಷನ್ನಿಗೆ ಸೇರಿಸುವ ಬಾಲ್ ಜಾಯಿಂಟ್ ಸವೆದಿದ್ದರೆ ಆಟ ಉಳಿದೇ ಇರುತ್ತಿತ್ತು. ಕೊನೆಗೆ ಚಕ್ರವನ್ನು ಕೈಯಿಂದ ತಿರುಗಿಸುತ್ತಾ ಸಸ್ಪೆನ್ಷನ್ ಸ್ಪ್ರಿಂಗಿನ ಮೇಲೆ ನನ್ನ ಬೆರಳುಗಳನ್ನು ಇರಿಸಲು ಹೇಳಿದರು. ಬಲಗಡೆ ಏನೂ ತಿಳಿಯಲಿಲ್ಲ. ಎಡಗಡೆ ಬೀಸುವ ಕಲ್ಲಿಗೆ ಮರಳು ಸಿಕ್ಕಂತೆ ಗರಗರ ಎಂಬ ನಡುಕ ಬೆರಳಿಗೆ ಸ್ಪಷ್ಟವಾಗಿ ತಾಗಿತು. ಆರಂಭದ ಸವೆತದಲ್ಲಿ ಆಟವೇ ಕಾಣದೆ ಇಂಥ ನಡುಕ ಮಾತ್ರ ಇರಬಹುದು. ಚಕ್ರ ಅಲುಗಾಡಲಿಲ್ಲವೆಂಬ ಕಾರಣಕ್ಕೆ ಬೇರಿಂಗ್ ಸರಿಯಿದೆ ಎಂದು ಕಾರನ್ನು ಕಳಿಸಿಬಿಡುವುದು ಅಪಾಯಕರ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಎರಡೂ ಬದಿಯದನ್ನು ಬದಲಿಸೋಣವೇ ಎಂದು ಕೇಳಿದೆ. ಬಲಗಡೆಯದು ಚೆನ್ನಾಗಿದೆ, ದುಡ್ಡು ಉಳಿಸಿಕೊಳ್ಳಿ ಎಂದರು.

ಬೇರಿಂಗನ್ನು ಒತ್ತಿ ಕೂರಿಸುವ ಹೈಡ್ರಾಲಿಕ್ ಪ್ರೆಸ್ ಅವರಲ್ಲಿ ಇಲ್ಲ. ನಕ್ಕಲ್ಲನ್ನು ಲೇತ್ ಅಂಗಡಿಗೆ ಒಯ್ಯಬೇಕು, ಕಾರು ಒಂದು ರಾತ್ರಿ ಅಲ್ಲೇ ಉಳಿಯಬೇಕು. ಇದು ಕೊರತೆಯೇ. ಆದರೆ ಮೇಸ್ತ್ರಿ ತಾವೇ ಜೊತೆಗೆ ಹೋಗಿ ನಿಂತರು. ಹೊಸ ಬೇರಿಂಗನ್ನು ನಕ್ಕಲ್‌ಗೆ ಕೂರಿಸುವಾಗ ಒತ್ತಡ ಹೊರಗಿನ ರಿಂಗಿನ ಮೇಲೆ ಮಾತ್ರ ಬೀಳಬೇಕು. ಒಳಗಿನ ರಿಂಗಿಗೆ ಬಿದ್ದರೆ ಗುಂಡುಗಳು ಓಡುವ ಹಾದಿಯಲ್ಲಿ ಗುಳಿ ಬಿದ್ದು ಹೊಸ ಬೇರಿಂಗೂ ಬೇಗನೆ ಸದ್ದು ಮಾಡತೊಡಗುತ್ತದೆ. ಇದಕ್ಕಾಗಿ ಅವರು ಸರಿಯಾದ ಅಳತೆಯ ಬಳೆಯನ್ನು ಹುಡುಕಿಸಿ ಇಟ್ಟರು. ಜೈಪುರದ ಎನ್‌ಬಿಸಿ ಬ್ರ್ಯಾಂಡಿನ ಬೇರಿಂಗಿನ ಪೆಟ್ಟಿಗೆಯನ್ನು ನನ್ನೆದುರೇ ಒಡೆದರು. ಆಕ್ಸಲ್ ನಟ್ಟನ್ನು ಹೊಸದಾಗಿಯೇ ಹಾಕಿ, ಚಕ್ರ ನೆಲಕ್ಕೆ ತಾಗಿದ ಮೇಲೆ ಬಿಗಿಯನ್ನು ಅಳೆದು ತೋರಿಸುವ ಟಾರ್ಕ್ ರೆಂಚಿನಿಂದ ಬಿಗಿದರು. ಇಂಪ್ಯಾಕ್ಟ್ ಗನ್ನಿನಿಂದ ಅಂದಾಜಿನಲ್ಲಿ ಬಿಗಿಯುವುದನ್ನೇ ನೋಡಿದ್ದ ನನಗೆ ಇದು ಬಹಳ ಸಮಾಧಾನ ಕೊಟ್ಟಿತು. ಹಳೆಯದನ್ನು ಬಟ್ಟೆಯ ಮೇಲಿಟ್ಟು ತೋರಿಸಿದರು: ಸೀಲು ಹರಿದಿತ್ತು, ಗ್ರೀಸ್ ಒಣಗಿ ಕೆಂಪು ಕೆಸರಿನ ಬಣ್ಣಕ್ಕೆ ತಿರುಗಿತ್ತು.

ಬಿಲ್ಲಿನಲ್ಲಿ ಬೇರಿಂಗಿನ ಬೆಲೆ, ಪ್ರೆಸ್ಸಿನ ಕೂಲಿ, ಗ್ಯಾರೇಜಿನ ಕೂಲಿ ಬೇರೆಬೇರೆಯಾಗಿದ್ದವು. ಕೆಲಸಕ್ಕೆ ಬರಹದ ಗ್ಯಾರಂಟಿ ಕೊಡುವುದಿಲ್ಲ, ಅದನ್ನು ಅವರು ಆರಂಭಿಸಬೇಕು. ನಕ್ಕಲ್ಲನ್ನು ಹಿಡಿದಿರುವ ಸಸ್ಪೆನ್ಷನ್ ಸ್ಟ್ರಟ್ಟಿನ ಬೋಲ್ಟ್ ಬಿಚ್ಚಿ ಹಾಕಿದ್ದರಿಂದ ಚಕ್ರಗಳ ಅಲೈನ್‌ಮೆಂಟ್ ನೋಡಿಸಲೇಬೇಕು, ಆ ಯಂತ್ರವೂ ಇಲ್ಲಿಲ್ಲ. ಬೇರೆ ಕಡೆ ಹೋಗುವ ಸಮಯವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಹೋಗುವವರು ಬೆಳಿಗ್ಗೆ ಬೇಗನೆ ಹೋಗುವುದು ಒಳ್ಳೆಯದು, ಏಕೆಂದರೆ ಲಾರಿಗಳ ಓಡಾಟ ಹೆಚ್ಚಾದ ಮೇಲೆ ಆ ರಸ್ತೆಯಲ್ಲಿ ಸದ್ದನ್ನು ಆಲಿಸುವಷ್ಟು ವೇಗ ಹಿಡಿಯಲಾಗುವುದಿಲ್ಲ.