ಟೆಲಿಗ್ರಾಂನಲ್ಲಿ ನಮ್ಮ ಬೆಳೆಗಾರರ ಗುಂಪು: ಮೂರು ವರ್ಷದ ಅನುಭವ

ಕೊಡಗಿನ ಸೋಮವಾರಪೇಟೆ ಕಡೆಯ ಸಣ್ಣ ಕಾಫಿ ಬೆಳೆಗಾರರು ನಾವು. ಟೆಲಿಗ್ರಾಂನಲ್ಲಿ ಗ್ರೂಪ್ ಮಾಡಿಕೊಂಡು ಮೂರು ವರ್ಷ ಆಯ್ತು. ಮೊದಲಿಂದಲೂ ಅಡ್ಮಿನ್ ನಾನೇ. ಅದಕ್ಕೂ ಮುಂಚೆ ಬೇರೊಂದು ಆ್ಯಪ್‌ನಲ್ಲಿದ್ದೆವು. ಕರಿಮೆಣಸಿನ ರೇಟು, ಸಾವಿನ ಸುದ್ದಿ, ಗುಡ್ ಮಾರ್ನಿಂಗ್ ಚಿತ್ರ ಎಲ್ಲವೂ ಒಂದರ ಮೇಲೊಂದು ಬೀಳುತ್ತಿದ್ದವು. ನಿನ್ನೆ ಕೇಳಿದ ಪ್ರಶ್ನೆ ಇವತ್ತು ಹುಡುಕಿದರೂ ಸಿಗುತ್ತಿರಲಿಲ್ಲ.

ಇಲ್ಲಿ ಒಂದೇ ಗುಂಪಿನೊಳಗೆ ಬೇರೆ ಬೇರೆ ಟಾಪಿಕ್ ಮಾಡಬಹುದು. ಮಳೆ, ರೇಟು, ರೋಗ-ಕೀಟ, ಆನೆ, ಊರ ಸುದ್ದಿ ಅಂತ ಐದು ಮಾಡಿದೆವು. ಇವತ್ತು ಸೇರಿದವರಿಗೂ ಹಳೆಯ ಮಾತುಕತೆಯೆಲ್ಲ ಕಾಣುವಂತೆ ಇಡಬಹುದು. ಫೋನ್ ನಂಬರ್ ಮುಚ್ಚಿಡುವ ಸೆಟ್ಟಿಂಗ್ ಇದೆ. ಅದನ್ನು ತೋರಿಸಿಕೊಟ್ಟ ಮೇಲೆಯೇ ಹೆಂಗಸರು ಜಾಸ್ತಿ ಸೇರಿದ್ದು.

ನಮಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಮಳೆಯ ಟಾಪಿಕ್. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂವು ಅರಳಿಸುವ ಹೂಮಳೆಗೆ ಕಾಯುತ್ತೇವಲ್ಲ, ಆಗ ಬೆಳಗ್ಗೆ ಎದ್ದವರೇ ಮಳೆ ಅಳೆದು ಹಾಕುತ್ತಾರೆ. "ಶಾಂತಳ್ಳಿ 80 ಸೆಂಟ್ಸ್." "ಐಗೂರು 35, ಸಾಲದು." ನೂರು ಸೆಂಟ್ಸ್ ಅಂದರೆ ಒಂದು ಇಂಚು. ಪಕ್ಕದ ಊರಿಗೆ ಬಿದ್ದ ಮಳೆ ನಮಗೆ ಬೀಳದೇ ಇರುವುದು ಇಲ್ಲಿ ಮಾಮೂಲು. ಅರ್ಧಂಬರ್ಧ ಬಿದ್ದರೆ ರೊಬಸ್ಟಾ ಕಾಫಿ ಹೂವು ಸರಿಯಾಗಿ ಅರಳುವುದಿಲ್ಲ. ಸ್ಪ್ರಿಂಕ್ಲರ್ ಹಾಕಬೇಕಾ, ಇನ್ನೆರಡು ದಿನ ಕಾಯಬೇಕಾ ಅಂತ ಆ ಲೆಕ್ಕ ನೋಡಿಯೇ ತೀರ್ಮಾನ ಮಾಡುತ್ತೇವೆ. ಹೋದ ವರ್ಷದ ಲೆಕ್ಕವೂ ಅಲ್ಲೇ ಸಿಗುತ್ತದೆ.

ಹುಡುಕುವುದರಲ್ಲಿ ಒಂದು ತೊಡಕಿದೆ. ಕೆಲವರು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾರೆ, ಒಬ್ಬೊಬ್ಬರದು ಒಂದೊಂದು ಸ್ಪೆಲ್ಲಿಂಗ್. ಹಿರಿಯರು ಹಾಕುವುದೇ ವಾಯ್ಸ್ ಮೆಸೇಜ್. ನಮ್ಮ ದೊಡ್ಡಪ್ಪ ಒಮ್ಮೆ ಕಾಂಡಕೊರಕ ಹುಳುವಿನ ಬಗ್ಗೆ ನಾಲ್ಕು ನಿಮಿಷ ಮಾತಾಡಿದ್ದರು. ಅರೇಬಿಕಾ ಕಾಫಿ ಗಿಡದ ಎಲೆ ಹಳದಿಯಾದರೆ ಕಾಂಡ ಸವರಿ ನೋಡಿ, ಉಬ್ಬು ಗೆರೆ ಕೈಗೆ ಸಿಕ್ಕರೆ ಗಿಡ ಕಿತ್ತು ಸುಡಿ, ಕನಿಕರ ಬೇಡ ಅಂತ. ಅಂಥ ಮಾತು ಕಳೆದುಹೋಗಬಾರದು ಅಲ್ವಾ? ಈಗ ಅವರ ಮೆಸೇಜ್ ಕೆಳಗೆ ಮೊಮ್ಮಗಳು ಎರಡು ಸಾಲು ಕನ್ನಡದಲ್ಲಿ ಬರೆದು ಹಾಕುತ್ತಾಳೆ. ಆ ಮೊದಲನೆಯದನ್ನು ಪಿನ್ ಮಾಡಿಟ್ಟಿದ್ದೇನೆ.

ಶುರುವಿನಲ್ಲಿ ಲಿಂಕ್ ಎಲ್ಲರಿಗೂ ಬಿಟ್ಟಿದ್ದೆ. ಯಾರ್ಯಾರೋ ನುಗ್ಗಿ ದುಡ್ಡು ಡಬಲ್ ಮಾಡುವ ಮೆಸೇಜ್ ಹಾಕಿದರು. ಈಗ ಅಡ್ಮಿನ್ ಒಪ್ಪಿದರೆ ಮಾತ್ರ ಒಳಗೆ. ಇನ್ನೊಂದು ವಿಷಯ, ಟೆಲಿಗ್ರಾಂ ಗುಂಪುಗಳಿಗೆ, ಕಳಿಸಿದವರು ಮತ್ತು ಪಡೆದವರು ಬಿಟ್ಟು ಬೇರೆ ಯಾರೂ ಓದಲಾಗದಂತೆ ಮಾಡುವ ಎಂಡ್-ಟು-ಎಂಡ್ ಎನ್‌ಕ್ರಿಪ್ಶನ್ ಇರುವುದಿಲ್ಲ. ಆಧಾರ್, ಪಾಸ್‌ಬುಕ್ ಫೋಟೋ ಹಾಕಲೇಬೇಡಿ ಅಂತ ಎಲ್ಲರಿಗೂ ಹೇಳಿದ್ದೇವೆ.

ಮಳೆಗಾಲದಲ್ಲಿ ಕರೆಂಟ್ ಹೋಗಿ ಟವರ್ ನಿಂತರೆ ಯಾವ ಆ್ಯಪ್ ಇದ್ದೂ ಪ್ರಯೋಜನವಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದದ್ದನ್ನು ನೋಡಿದವರು ನಾವು. ಹಾಗಾಗಿ ಜೂನ್‌ಗೆ ಮೊದಲೇ ಯಾರ ಮನೆಗೆ ಯಾರು ಹೋಗಿ ನೋಡಬೇಕು ಅಂತ ಹಂಚಿಕೊಂಡು, ಆ ಪಟ್ಟಿಯನ್ನು ಕಾಗದದಲ್ಲಿ ಬರೆದು ಮನೆ ಮನೆಗೆ ಕೊಟ್ಟಿರುತ್ತೇವೆ. ಆನೆ ವಿಷಯದಲ್ಲೂ ಅಷ್ಟೇ. ತೋಟದಲ್ಲಿ ಕಂಡರೆ ಮೊದಲು ಪಕ್ಕದ ಮನೆಗೆ ಫೋನ್ ಮಾಡಬೇಕು, ಗುಂಪಿಗೆ ಮೆಸೇಜ್ ಆಮೇಲೆ.